ಟಿ.ವಿ. ಇಟ್ಟ ಜಾಗ

(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಎದುರು ಆಡಿದ ಮಾತುಗಳನ್ನು ನಾನೇ ಬರಹಕ್ಕಿಳಿಸಿದ್ದೇನೆ. ವೇದಿಕೆಯಲ್ಲಿ ಎರಡೆರಡು ಸಲ ಹೇಳಿದ್ದನ್ನು ಕಳೆದು, ಸಮಯ ಸಾಲದೆ ಬಿಟ್ಟಿದ್ದನ್ನು ಕೂಡಿಸಿದ್ದೇನೆ.)

ನನಗೆ ಕೊಟ್ಟಿರುವ ವಿಷಯ ‘ದೂರದರ್ಶನ ಮತ್ತು ಆಧುನಿಕ ಬದುಕಿನ ಮೇಲೆ ಮಾಧ್ಯಮಗಳ ಪ್ರಭಾವ’. ಈ ವಿಷಯದ ಮೇಲೆ ಪ್ರಬಂಧ ಬರೆಯದ ವಿದ್ಯಾರ್ಥಿ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ. ಪೀಠಿಕೆ, ಅನುಕೂಲಗಳು, ಅನಾನುಕೂಲಗಳು, ಉಪಸಂಹಾರ ಎಂದು ನಾಲ್ಕು ಕಂಡಿಕೆಗಳಲ್ಲಿ ಅದು ಮುಗಿಯುತ್ತದೆ. ಮೇಷ್ಟರಾಗಿದ್ದ ಮೂವತ್ತಕ್ಕೂ ಹೆಚ್ಚು ವರ್ಷ ನಾನೇ ಅದನ್ನು ಬರೆಸಿ, ಹತ್ತಕ್ಕೆ ಏಳು ಅಂಕ ಹಾಕಿದ್ದೇನೆ. ಆ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ ಇವತ್ತು ಬೇರೆ ಕಡೆಯಿಂದ ಹೊರಡುತ್ತೇನೆ. ಟಿ.ವಿ.ಯಲ್ಲಿ ಏನು ಬರುತ್ತದೆ ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅದನ್ನು ಎಲ್ಲಿ ಇಟ್ಟಿದ್ದಾರೆ, ಅದರ ಮುಂದೆ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ, ಅದನ್ನು ಹಚ್ಚುವ ಮತ್ತು ಬಂದ್ ಮಾಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ನೋಡೋಣ. ಟಿ.ವಿ. ನಮ್ಮ ಬದುಕನ್ನು ಬದಲಿಸಿದ್ದು ಹೆಚ್ಚಾಗಿ ಅದು ಇದ್ದ ಜಾಗದಿಂದ, ಆಮೇಲೆ ಅದು ತೋರಿಸಿದ್ದರಿಂದ ಎಂಬುದು ನನ್ನ ಅನಿಸಿಕೆ.

ಇದನ್ನು ಹೇಳಲು ನಮ್ಮ ಸೀಮೆಗೆ ಒಂದು ವಿಶೇಷ ಹಕ್ಕೂ ಇದೆ. ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗೆ ಎಂದು ನಮ್ಮ ಹುಡುಗರು ಸಹಜವಾಗಿಯೇ ತಿಳಿದಿದ್ದಾರೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್‌ನಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, ವಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಟಿ.ವಿ. ಮಾತನಾಡತೊಡಗಿತ್ತು. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೇ ಇತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ವಿಕ್ರಮ್ ಸಾರಾಭಾಯಿ ಅವರು ಕಂಡ ಕನಸೊಂದು ಅವರು ತೀರಿಕೊಂಡ ಮೇಲೆ ಕೈಗೂಡಿ, ಅಮೆರಿಕದ ನಾಸಾ ಸಂಸ್ಥೆಯಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ತಲುಪಿಸುವ ಪ್ರಯೋಗ ಅದು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಸೈಟ್’ ಎನ್ನುತ್ತಿದ್ದರು. ಹಿಂದುಳಿದ ಜಿಲ್ಲೆಗಳನ್ನೇ ಹುಡುಕಿ ಆರಿಸಿದ್ದರಿಂದ ನಮ್ಮ ಹೆಸರು ಪಟ್ಟಿಯಲ್ಲಿ ಬಂತು. ಹಿಂದುಳಿದದ್ದಕ್ಕೆ ನಮಗೆ ಮುಂದಿನ ಸಾಲು ಸಿಕ್ಕ ಪ್ರಸಂಗ ಬಹುಶಃ ಅದೊಂದೇ.

ನನಗಾಗ ಹತ್ತು ವರ್ಷ. ನಮ್ಮೂರಿಗೆ ಆ ಪೆಟ್ಟಿಗೆ ಬರಲಿಲ್ಲ. ಎರಡು ಮೈಲಿ ಆಚೆಯ ಊರಿಗೆ ಬಂದಿತ್ತು. ಶಾಲೆಯ ಬದಿಯಲ್ಲಿ ತಂತಿಯ ಜಾಲರಿಯಿಂದ ಮಾಡಿದ, ಮಲಗಿಸಿದ ಕೊಡೆಯಂಥ ಒಂದು ದೊಡ್ಡ ವಸ್ತು, ಹತ್ತು ಅಡಿ ಅಗಲದ್ದು, ಆಕಾಶ ನೋಡುತ್ತ ನಿಂತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿಗೆಲ್ಲ ಎಂದು ದಿನಕ್ಕೆ ನಾಲ್ಕು ತಾಸು ಕಾರ್ಯಕ್ರಮ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು ಕುಣಿತ. ನಮ್ಮ ಕಾಕಾ ಕಂದೀಲು ಹಿಡಿದು ಮುಂದೆ, ನಾವು ಏಳೆಂಟು ಹುಡುಗರು ಹಿಂದೆ. ಟಿ.ವಿ. ಇದ್ದ ಕೋಣೆಯ ಕೀಲಿ ಮಾಸ್ತರ ಬಳಿ ಇರುತ್ತಿತ್ತು. ಅವರು ಬಂದು ತೆರೆದರೆ ಟಿ.ವಿ., ಅವರಿಗೆ ಜ್ವರ ಬಂದರೆ ಊರಿಗೆಲ್ಲ ರಜೆ. ಹುಡುಗರು ನೆಲದ ಮೇಲೆ ಮುಂದೆ, ಹೆಣ್ಣುಮಕ್ಕಳು ಒಂದು ಬದಿಗೆ, ಹಿರಿಯರು ಹಿಂದೆ ಬಾಗಿಲ ಬಳಿ. ಗೊಬ್ಬರದ ವಿಷಯ ಬಂದಾಗ ಒಬ್ಬ ಹಿರಿಯರು ಎದ್ದು ನಿಂತು, ‘ಅಂವಾ ಹೇಳೂದು ಖರೇ ಐತಿ, ಆದ್ರ ನಮ್ಮ ಎರಿ ಹೊಲಕ್ಕ ಅಲ್ಲ’ ಎಂದು ಪೆಟ್ಟಿಗೆಗೇ ಉತ್ತರ ಕೊಟ್ಟದ್ದು ನನಗೆ ನೆನಪಿದೆ. ಅವರನ್ನು ಯಾರೂ ಸುಮ್ಮನಿರಿಸಲಿಲ್ಲ. ಟಿ.ವಿ. ಮುಂದುವರಿಯಿತು, ಚರ್ಚೆಯೂ ಮುಂದುವರಿಯಿತು.

ಆ ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿತ್ತು ಎಂಬುದನ್ನು ದೊಡ್ಡವನಾದ ಮೇಲೆ ಓದಿದೆ. ಕನ್ನಡ, ತೆಲುಗು ಎರಡರ ಕಾರ್ಯಕ್ರಮಗಳೂ ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಎಂದರೆ ನಮ್ಮ ಪರದೆಯ ಮೇಲೆ ನಮ್ಮವರಿಗಾಗಿ ಕನ್ನಡ ಮಾತನಾಡಿದ ಮೊದಲ ಜನರನ್ನು ನಮ್ಮ ಊರಿನವರು ಆರಿಸಿರಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಮುಂದಿನ ಐವತ್ತು ವರ್ಷದಲ್ಲಿ ಕಾರ್ಯಕ್ರಮ ತಯಾರಾಗುವ ಊರು ಬದಲಾಯಿತು, ನಮ್ಮ ಪರವಾಗಿ ಬೇರೆಯವರು ಆರಿಸುವ ಪದ್ಧತಿ ಬದಲಾಗಲಿಲ್ಲ ಎಂಬುದಕ್ಕೆ ಗುರುತು ಮಾಡಿಕೊಳ್ಳುತ್ತಿದ್ದೇನೆ, ಅಷ್ಟೆ.

ಇಷ್ಟು ಹೇಳಿದ ಕೂಡಲೇ ‘ಆಹಾ, ಎಲ್ಲರೂ ಕೂಡಿ ನೋಡುವ ಆ ಕಾಲ’ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಅದಕ್ಕೆ ಅವಸರ ಮಾಡಬೇಡಿ. ಆ ಶಾಲೆಯ ಕೋಣೆಯಲ್ಲಿ ‘ಎಲ್ಲರೂ’ ಕೂತಿರಲಿಲ್ಲ. ಕೇರಿಯ ಜನ ಕಿಟಕಿಯ ಹೊರಗೆ ನಿಂತು, ಸರಳಿನ ನಡುವೆ ಮುಖವಿಟ್ಟು ನೋಡುತ್ತಿದ್ದರು. ಯಾರೂ ಅವರಿಗೆ ಹೊರಗೆ ನಿಲ್ಲಿ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಮುಂದೆ ಹತ್ತು ಹದಿನೈದು ವರ್ಷಗಳ ಬಳಿಕ, ನನ್ನ ಜೊತೆ ಓದುತ್ತಿದ್ದ, ಆ ಕಿಟಕಿಯಲ್ಲಿ ನಿಂತಿದ್ದ ಗೆಳೆಯನೊಬ್ಬ ನೌಕರಿ ಸೇರಿ ಮೊದಲ ಪಗಾರ ಕೂಡಿಟ್ಟು ಕಪ್ಪು-ಬಿಳುಪು ಟಿ.ವಿ. ಕೊಂಡ. ಅವರ ತಂದೆ ಗೋಡೆಗೆ ಒರಗಿ, ಕಾಲು ಚಾಚಿ ಅದನ್ನು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಟಿ.ವಿ. ಮನೆಯೊಳಗೆ ಬಂದು ನಮ್ಮನ್ನು ಬೇರೆಬೇರೆ ಮಾಡಿತು ಎಂದು ದೂರುವವರು ಆ ಕಾಲು ಚಾಚಿದ ಹಿರಿಯರ ಮುಂದೆ ನಿಂತು ಆ ಮಾತು ಹೇಳಲಿ.

ಸೈಟ್ ಪ್ರಯೋಗ 1976ರ ಜುಲೈ 31ಕ್ಕೆ ಮುಗಿಯಿತು. ಎರವಲಿನ ಉಪಗ್ರಹವನ್ನು ಮತ್ತೆ ಅಮೆರಿಕದ ಕಡೆಗೆ ಸರಿಸಿದರು. ಮರುವರ್ಷ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಯಿತಾದರೂ ಅದರ ಕೈ ನಮ್ಮ ಕಡೆಗೆ ಚಾಚುವಷ್ಟು ಉದ್ದವಿರಲಿಲ್ಲ. ಜಾಲರಿಯ ಕೊಡೆ ಕೆಲಕಾಲ ಹಾಗೇ ನಿಂತಿತ್ತು. ಆಮೇಲೆ ಅದರ ಮೇಲೆ ಹೀರೇಬಳ್ಳಿ ಹಬ್ಬಿಸಿದರು. 1982ರಲ್ಲಿ ಬಣ್ಣ ಬಂತು, 1983ರಲ್ಲಿ ನಮ್ಮ ಇನ್ಸಾಟ್-1ಬಿ ಉಪಗ್ರಹ ಮೇಲೆ ಹೋಯಿತು, ಬಳಿಕ ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳು ಪಟ್ಟಣಗಳಲ್ಲಿ ಎದ್ದವು. ಟಿ.ವಿ.ಯ ಎರಡನೆಯ ಜಾಗ ಉಳ್ಳವರ ಮನೆಯ ಪಡಸಾಲೆ.

1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿ ಬರುತ್ತಿದ್ದಾಗ ಓಣಿಗೆ ಓಣಿಯೇ ಬಿಕೋ ಎನ್ನುತ್ತಿತ್ತೆಂಬುದನ್ನು ಎಲ್ಲರೂ ಬರೆದಿದ್ದಾರೆ. ನಮ್ಮಲ್ಲಿ ನಡೆದ ಒಂದು ಸಂಗತಿಯನ್ನು ಮಾತ್ರ ಯಾರೂ ಬರೆದಂತಿಲ್ಲ. ಧಾರಾವಾಹಿ ಹಿಂದಿಯಲ್ಲಿತ್ತು. ನಮ್ಮ ಪಕ್ಕದ ಮನೆಯ ಅಜ್ಜ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ‘ಆಯಾ, ಗಯಾ, ಕರೇಗಾ’ ಎಂಬ ಕ್ರಿಯಾಪದಗಳೆಲ್ಲ ಅವರಿಗೆ ತಿಳಿಯುತ್ತಿದ್ದವು, ‘ಮರ್ಯಾದಾ, ಪ್ರತಿಜ್ಞಾ, ವನವಾಸ’ ಎಂಬ ಭಾರದ ಮಾತುಗಳು ತಿಳಿಯುತ್ತಿರಲಿಲ್ಲ. ಪುರಾಣ ಪ್ರವಚನ ಕೇಳಿ ಬೆಳೆದ ನಮ್ಮ ಅವ್ವನಿಗೆ ಆ ಭಾರದ ಮಾತುಗಳೇ ಅರ್ಥವಾಗಿ, ನಡುವಿನ ಕೊಂಡಿಗಳು ತಪ್ಪುತ್ತಿದ್ದವು. ಹೀಗೆ ಅಜ್ಜನ ಉರ್ದು, ಅವ್ವನ ಪುರಾಣ ಎರಡೂ ಸೇರಿ ಒಂದು ವಾಕ್ಯ ಪೂರ್ತಿಯಾಗುತ್ತಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ವಾಕ್ಯ ಶುರುವಾಗಿರುತ್ತಿತ್ತೆನ್ನಿ. ಪಡಸಾಲೆಯಲ್ಲಿ ಒಬ್ಬೊಬ್ಬರೇ ಕೂತಿದ್ದರೆ ಇಬ್ಬರಿಗೂ ಅರ್ಧ ರಾಮಾಯಣವೇ ಸಿಗುತ್ತಿತ್ತು. (ಬಳ್ಳಾರಿಯ ಕಡೆ ಬೇರೆ ಕತೆ. 1953ರವರೆಗೆ ಅದು ಮದರಾಸಿನ ಜೊತೆಗಿದ್ದ ಊರು. ಅಲ್ಲಿಯ ಹಿರಿಯರಿಗೆ ಉರ್ದುವಿನ ಈ ನೆರವು ಅಷ್ಟಾಗಿ ಇರಲಿಲ್ಲ. ತೆಲುಗು ವಾಹಿನಿಗಳು ಬಂದ ಮೇಲೆ ಅವರು ನಮ್ಮನ್ನು ಹಿಂದೆ ಹಾಕಿದರು.) ಇನ್ನೊಂದು ಹಾಸ್ಯವೆಂದರೆ, 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ನಮ್ಮದೇ ಜಿಲ್ಲೆಯಲ್ಲಿ ಆರಂಭವಾಗಿ ನಾಡಿಗೆಲ್ಲ ಬೆಳಕು ಕೊಡತೊಡಗಿತ್ತು, ನಮ್ಮಲ್ಲಿ ಮಾತ್ರ ಬಾಣ ಬಿಲ್ಲಿನಿಂದ ಬಿಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು.

ಪರದೆ ನಮ್ಮ ಸೀಮೆಗೆ ಹೊಸತೇನಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಬಿಳಿ ಬಟ್ಟೆ ಕಟ್ಟಿ, ಹಿಂದೆ ದೀಪವಿಟ್ಟು, ಬಣ್ಣದ ತೊಗಲುಗೊಂಬೆಗಳನ್ನು ಆಡಿಸುವ ಶಿಳ್ಳೇಕ್ಯಾತರು ಶತಮಾನಗಳಿಂದ ಇಲ್ಲಿದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಹುಡುಗರು ಆ ಸುದ್ದಿಯನ್ನು ನೋಡಿದ್ದು ಮೊಬೈಲಿನಲ್ಲಿ. ಎರಡೂ ಪರದೆಗಳೇ. ಆದರೆ ಗೊಂಬೆಯಾಟದ ಪರದೆಯ ಹಿಂದೆ ಯಾರಿದ್ದಾರೆಂದು ಊರಿಗೆಲ್ಲ ಗೊತ್ತಿತ್ತು. ಆಟ ಮುಗಿದ ಮೇಲೆ ಅವರು ಅದೇ ಊರಿನಲ್ಲಿ ಕಾಳು ಕಡಿ ಇಸಿದುಕೊಂಡು ಹೋಗಬೇಕಾಗಿತ್ತು. ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ನಗಿಸುವ ಗೊಂಬೆಗಳ ಜೋಡಿ ನಡುವೆ ಬಂದು ಊರ ಗೌಡನನ್ನು ಗೇಲಿ ಮಾಡಿದರೆ ಗೌಡನೂ ಮುಂದೆಯೇ ಕೂತಿರುತ್ತಿದ್ದ. ಅತಿಯಾದರೆ ಮರುವರ್ಷ ಕರೆಯುವುದಿಲ್ಲ ಎಂಬ ಹೆದರಿಕೆ ಆಡಿಸುವವರಿಗೆ, ಆಡಿದ ಮಾತು ಊರಲ್ಲಿ ಉಳಿದುಬಿಡುತ್ತದೆ ಎಂಬ ಹೆದರಿಕೆ ಗೌಡನಿಗೆ. ಪರದೆಯ ಎರಡೂ ಬದಿಯ ನಡುವೆ ಈ ಲೆಕ್ಕಾಚಾರ ಇತ್ತು.

ಬಯಲಾಟ, ಗೊಂಬೆಯಾಟಗಳನ್ನು ಟಿ.ವಿ. ಕೊಂದಿತು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತುಂಗಭದ್ರೆಯ ಕಾಲುವೆ ಬಂದಲ್ಲಿ ವರ್ಷಕ್ಕೆರಡು ಭತ್ತದ ಬೆಳೆ ಹಿಡಿದು ದೊಡ್ಡಾಟದ ತಾಲೀಮಿಗೆ ಬಿಡುವೇ ಇಲ್ಲವಾಯಿತು. ಕಾಲುವೆ ಬಾರದಲ್ಲಿ ಪಾತ್ರಧಾರಿಗಳೇ ಗುಳೆ ಹೋದರು. ಖಾಲಿಯಾದ ರಾತ್ರಿಗಳಿಗೆ ಟಿ.ವಿ. ಬಂದು ಕೂತಿತು. ಕೊಂದವರ ಪಟ್ಟಿಯಲ್ಲಿ ಅದರ ಹೆಸರನ್ನು ಕೊನೆಯಲ್ಲಿ ಬರೆದುಕೊಳ್ಳೋಣ.

1994ರಲ್ಲಿ ಉದಯ ವಾಹಿನಿ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದವು. ಕೇಬಲ್ ತಂತಿ ಮಾಳಿಗೆಯಿಂದ ಮಾಳಿಗೆಗೆ ಹಾರಿತು. ಟಿ.ವಿ. ಈಗ ಎಲ್ಲರ ಮನೆಯದಾಯಿತು, ಅದು ಅದರ ಮೂರನೆಯ ಜಾಗ. ಅದರ ಜೊತೆಗೆ ಮನೆಯ ಗಡಿಯಾರವೂ ಆಯಿತು. ನಮ್ಮ ಕಡೆ ಸಂಜೆಯ ಹೊತ್ತನ್ನು ತಿಳಿಸುತ್ತಿದ್ದುದು ಜೋಳದ ರೊಟ್ಟಿ ಬಡಿಯುವ ಸಪ್ಪಳ. ದೀಪ ಹಚ್ಚಿದ ಮೇಲೆ ಶುರುವಾಗಿ ಗಂಡಸರು ಹೊಲದಿಂದ ಬಂದು ಕೈಕಾಲು ತೊಳೆಯುವವರೆಗೂ ಅದು ಓಣಿಯಲ್ಲಿ ಕೇಳಿಸುತ್ತಿತ್ತು. ಧಾರಾವಾಹಿಗಳು ಬಂದ ಮೇಲೆ ರೊಟ್ಟಿಯ ಹೊತ್ತು ಒಂದೂವರೆ ತಾಸು ಹಿಂದಕ್ಕೆ ಸರಿಯಿತು. ಬಿಸಿರೊಟ್ಟಿ ತಿನ್ನುತ್ತಿದ್ದ ಗಂಡಸರು ಆರಿದ ರೊಟ್ಟಿ ತಿನ್ನುವಂತಾದದ್ದೇ ಟಿ.ವಿ.ಯ ದೊಡ್ಡ ಅನಾಹುತವೆಂದು ನಮ್ಮ ಹಿರಿಯರೊಬ್ಬರು ಕೊನೆಯವರೆಗೂ ನಂಬಿದ್ದರು. ಅದೇ ಹೊತ್ತಿನಲ್ಲಿ, ಮದುವೆಯಾಗಿ ಬಂದ ಮೇಲೆ ಸಂಜೆ ಎಂಬುದನ್ನು ಕೂತು ಕಳೆಯದಿದ್ದ ಹೆಂಗಸರು ಮೊದಲ ಬಾರಿಗೆ ದಿನದಲ್ಲಿ ಎರಡು ತಾಸು ‘ಇದು ನನ್ನ ಹೊತ್ತು’ ಎಂದು ಗಟ್ಟಿಯಾಗಿ ಹೇಳುವಂತಾಯಿತು. ಧಾರಾವಾಹಿಯ ಕತೆ ಎಷ್ಟೇ ಸೊಟ್ಟಗಿರಲಿ, ಅತ್ತೆ ಸೊಸೆಯರ ಒಳಸಂಚು ಎಷ್ಟೇ ಎಳೆದಾಡಲಿ, ಆ ಎರಡು ತಾಸು ಕೂರುವ ಹಕ್ಕನ್ನು ಅದು ಗಳಿಸಿಕೊಟ್ಟಿತು.

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಜನ ಮಾಳಿಗೆಯ ಮೇಲೆ, ಅಂಗಳದಲ್ಲಿ, ಕಟ್ಟೆಯ ಮೇಲೆ ಮಲಗುತ್ತಿದ್ದರು. ನಿದ್ದೆ ಬರುವ ತನಕ ಮಾಳಿಗೆಯಿಂದ ಮಾಳಿಗೆಗೆ ಮಾತು ನಡೆಯುತ್ತಿತ್ತು. ಟಿ.ವಿ. ಮತ್ತು ಕೂಲರ್ ಕೂಡಿ ಅವರನ್ನು ಒಳಗೆ ಕರೆದವು. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದು ಬೆಳಗಾದ ಮೇಲೆ ತಿಳಿಯತೊಡಗಿತು.

ಭಾಷೆಯ ವಿಷಯವನ್ನು ಇಲ್ಲಿ ಬಿಡಲಾರೆ. ಧಾರಾವಾಹಿಗಳ ಕನ್ನಡ ಬಹುಪಾಲು ಬೆಂಗಳೂರು-ಮೈಸೂರು ಸೀಮೆಯದು. ನಮ್ಮ ಮಾತು ಬಂದರೆ ಬಹಳ ವರ್ಷ ಅದು ನಗಿಸುವವನ ಬಾಯಲ್ಲೋ ಹೊಡೆದಾಡುವವನ ಬಾಯಲ್ಲೋ ಬರುತ್ತಿತ್ತು. ಈಚೆಗೆ ಸ್ವಲ್ಪ ಸುಧಾರಿಸಿದೆ. ‘ಹೊಂಟೀನಿ’ ಎನ್ನುತ್ತಿದ್ದ ಹುಡುಗಿ ಸಂದರ್ಶನಕ್ಕೆಂದು ‘ಹೋಗ್ತಿದೀನಿ’ ಕಲಿತರೆ ನನ್ನ ತಕರಾರಿಲ್ಲ, ಎರಡು ನಾಲಿಗೆ ಇದ್ದರೆ ಒಳ್ಳೆಯದೇ. ಅವ್ವನ ಮಾತಿಗೆ ಗೆಳತಿಯರ ಎದುರು ಆಕೆ ನಾಚಿದರೆ ಮಾತ್ರ ಆ ನಾಚಿಕೆಯನ್ನು ಎಲ್ಲಿ ಕಲಿತಳೆಂದು ನಾನು ಕೇಳುತ್ತೇನೆ.

ನಮ್ಮ ಮಾತು ಪರದೆಗೆ ಬಾರದ್ದಕ್ಕೆ ಒಂದು ಲೆಕ್ಕದ ಕಾರಣವೂ ಇದೆ. ಖಾಸಗಿ ವಾಹಿನಿ ನಡೆಯುವುದು ಜಾಹೀರಾತಿನಿಂದ. ನಿಯಮದ ಪ್ರಕಾರ ತಾಸಿಗೆ 12 ನಿಮಿಷ ಮೀರಬಾರದೆಂಬ ಆ ಜಾಹೀರಾತಿನ ದರ ನಿಲ್ಲುವುದು ಟಿ.ಆರ್.ಪಿ. ಮೇಲೆ. ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು, ಅವರು ನೋಡಿದ್ದನ್ನು ದೇಶವೇ ನೋಡಿತೆಂದು ಅಳೆಯುವ ಕ್ರಮ ಅದು. ಈಗ ಅದನ್ನು ನಡೆಸುವ ಬಾರ್ಕ್ ಸಂಸ್ಥೆ ಹಳ್ಳಿಗಳನ್ನೂ ಸೇರಿಸಿ ಅಂಕಿಗಳನ್ನು ಕೊಡತೊಡಗಿದ್ದು 2015ರಲ್ಲಿ. ಅಲ್ಲಿಯವರೆಗೆ ಆ ಲೆಕ್ಕ ಪಟ್ಟಣಗಳದ್ದಾಗಿತ್ತು. ಕಾರಟಗಿಯ ಪಕ್ಕದ ಹಳ್ಳಿಯೊಂದು ಇಡೀ ರಾತ್ರಿ ಟಿ.ವಿ. ಮುಂದೆ ಕೂತಿದ್ದರೂ ಆ ಲೆಕ್ಕದಲ್ಲಿ ಯಾರೂ ಕೂತಿರಲಿಲ್ಲ. ಸೈಟ್ ಕಾಲದಲ್ಲಿ ಊರೂರಲ್ಲಿ ಬಿಡಾರ ಹೂಡಿ ಜನ ಏನು ನೋಡುತ್ತಾರೆಂದು ಬರೆದುಕೊಂಡ ಸಂಶೋಧಕರಿದ್ದರು. ನಮ್ಮನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆ ಸುಮಾರು ನಲವತ್ತು ವರ್ಷ ನಾವು ನೋಡುವವರಾಗಿಯೇ ಉಳಿದೆವು.

ಸುದ್ದಿವಾಹಿನಿಗಳ ಬಗ್ಗೆ ಒಂದೇ ಉದಾಹರಣೆ ಸಾಕು, ಅದೂ ನಮ್ಮ ಮನೆ ಬಾಗಿಲಿನದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ನನ್ನ ಮೊಬೈಲಿಗೆ ‘ಡ್ಯಾಂ ಒಡೆದಿದೆ’ ಎಂಬ ಸಂದೇಶ ಮೂರು ಕಡೆಯಿಂದ ಬಂದಿತ್ತು. ಒಂದರ ಜೊತೆಗೆ ಯಾವುದೋ ದೇಶದ ಅಣೆಕಟ್ಟೆಯ ವಿಡಿಯೊ ಬೇರೆ. ಆ ಹೊತ್ತಿನಲ್ಲಿ ಟಿ.ವಿ. ಹಚ್ಚಿ ಅಣೆಕಟ್ಟೆ ನಿಂತೇ ಇದೆ ಎಂಬುದನ್ನು ಕಣ್ಣಾರೆ ಕಂಡು ನೆಮ್ಮದಿಯಾದದ್ದನ್ನು ನಾನು ಮರೆಯುವುದಿಲ್ಲ. ಕ್ಯಾಮೆರಾಗಳು ಅಲ್ಲಿದ್ದದ್ದು ಆ ದಿನ ಲಕ್ಷಾಂತರ ಜನರಿಗೆ ಉಪಕಾರವಾಯಿತು. ಮುಂದಿನ ಒಂದು ವಾರ ಗಂಗಾವತಿ, ಸಿಂಧನೂರು ಕಡೆಯ ರೈತರು ನಾಟಿ ಮಾಡಿದ ಗದ್ದೆಯನ್ನು ಬಿಟ್ಟು ಟಿ.ವಿ. ಮುಂದೆ ಕೂತರು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದ್ದನ್ನು ನಾವು ಕ್ರಿಕೆಟ್ಟಿನಂತೆ ನೋಡಿದೆವು, ಇಳಿದಾಗ ಚಪ್ಪಾಳೆಯನ್ನೂ ತಟ್ಟಿದೆವು. ಮರುದಿನದಿಂದ ಪ್ರಸಾರ ವಾಹನಗಳು ಒಂದೊಂದಾಗಿ ಹೊರಟವು. 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದದ್ದು ಹೇಗೆ, ಕಾಲುವೆಯ ತುದಿಯ ರೈತನಿಗೆ ನೀರು ಏಕೆ ಮುಟ್ಟುವುದಿಲ್ಲ ಎಂಬುದು ಒಂದು ರಾತ್ರಿಯಲ್ಲಿ ನಡೆದ ಘಟನೆಯಲ್ಲ. ಅದಕ್ಕೆ ಸರಪಳಿ ತುಂಡಾಗುವ ಸದ್ದೂ ಇಲ್ಲ. ಸ್ಟುಡಿಯೊದಲ್ಲಿ ನಾಲ್ವರನ್ನು ಕೂರಿಸಿ ಜಗಳ ಹಚ್ಚುವುದಕ್ಕೆ ತಗಲುವ ಖರ್ಚಿಗಿಂತ, ಒಬ್ಬ ವರದಿಗಾರನನ್ನು ಹದಿನೈದು ದಿನ ಕಾಲುವೆಯ ಗುಂಟ ನಡೆಸುವ ಖರ್ಚು ಹೆಚ್ಚು.

ಟಿ.ವಿ.ಯ ನಾಲ್ಕನೆಯ ಜಾಗ ಅಂಗೈ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಪಡಸಾಲೆಯ ಪೆಟ್ಟಿಗೆ ಹಿರಿಯರ ಪಾಲಿಗೆ ಉಳಿಯಿತು. ನಮ್ಮ ಮನೆಯಲ್ಲಿ ರಿಮೋಟಿಗಾಗಿ ದಿನಾ ಜಗಳವಾಗುತ್ತಿತ್ತು: ನನಗೆ ಸುದ್ದಿ, ಮನೆಯವರಿಗೆ ಧಾರಾವಾಹಿ, ಮಗನಿಗೆ ಕ್ರಿಕೆಟ್. ಕೊನೆಗೆ ಯಾರಿಗೂ ಬೇಡದ ಹಳೆಯ ಸಿನಿಮಾ ಒಂದಕ್ಕೆ ಎಲ್ಲರೂ ಒಪ್ಪುತ್ತಿದ್ದೆವು. ಈಗ ಆ ಜಗಳವಿಲ್ಲ. ಒಂದೇ ಪಡಸಾಲೆಯಲ್ಲಿ ಮೂವರು, ಮೂರು ಕಿವಿಗೊಳವೆ. ನಡುವೆ ಒಬ್ಬರು ನಕ್ಕರೆ ಉಳಿದಿಬ್ಬರು ತಲೆಯೆತ್ತಿ ನೋಡಿ ಮತ್ತೆ ಬಗ್ಗುತ್ತಾರೆ. ಧಾರಾವಾಹಿಗೆ ಒಂದು ಹೊತ್ತಾದರೂ ಇತ್ತು, ಮುಗಿದ ಮೇಲೆ ಏಳಬೇಕಾಗಿತ್ತು. ಈ ರೀಲುಗಳಿಗೆ ಮುಗಿಯುವುದೇ ಗೊತ್ತಿಲ್ಲ. ಕೀಲಿ ಮಾಸ್ತರ ಬಳಿಯೂ ಇಲ್ಲ, ಅಪ್ಪನ ಬಳಿಯೂ ಇಲ್ಲ. ನಮ್ಮ ಬೆರಳು ಎಲ್ಲಿ ತಡೆಯಿತೆಂದು ನೋಡಿ ಮುಂದಿನದನ್ನು ಬಡಿಸುವ ಒಂದು ಲೆಕ್ಕಯಂತ್ರದ ಬಳಿ ಇದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸು ಮೀರಿ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೊಬೈಲು ಕೊಡದೆ ಕೂಸಿಗೆ ತುತ್ತು ಉಣಿಸಲಾಗದ ಮನೆಗಳಲ್ಲಿ ನಾನೂ ಊಟ ಮಾಡಿದ್ದೇನೆ, ಆದ್ದರಿಂದ ಹೆಚ್ಚು ಮಾತನಾಡುವುದಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಕತೆ ಮತ್ತೆ ಮೊದಲಿಗೆ ಬಂದಂತಾಯಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಉಪಗ್ರಹದಿಂದ ಹಳ್ಳಿಯ ಮಗುವಿಗೆ ಪಾಠ, 1975ರಂತೆಯೇ. ಒಂದೇ ಫೋನನ್ನು ಅಪ್ಪ ಹೊಲಕ್ಕೆ ಒಯ್ಯುತ್ತಿದ್ದ ಮನೆಗಳ ಮಕ್ಕಳು ಪಕ್ಕದ ಮನೆಯ ಟಿ.ವಿ. ಮುಂದೆ ನೋಟ್‌ಬುಕ್ ಹಿಡಿದು ಕೂತರು. ಕೆಲವೇ ದಿನಗಳಲ್ಲಿ ‘ವಿದ್ಯಾಗಮ’ ಎಂದು ಶಿಕ್ಷಕರೇ ಊರಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಬೇಕಾಯಿತು. ಟಿ.ವಿ.ಯಲ್ಲಿ ಲೆಕ್ಕ ಹೇಳಿಕೊಟ್ಟವರು ಬೆಂಗಳೂರಿನ ಸ್ಟುಡಿಯೊದಲ್ಲಿದ್ದರು. ‘ಸರ್, ತಿಳೀಲಿಲ್ರಿ’ ಎಂದು ಕೈಯೆತ್ತಲು ಕಟ್ಟೆಯೇ ಬೇಕಾಗಿತ್ತು.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿದ್ದವು. ಬಹಳಷ್ಟು ಪಾಲಕರು ಮಕ್ಕಳಿಂದ ಮೊಬೈಲು ಬಿಡಿಸುವ ಉಪಾಯ ಕೇಳಿದರು. ಊಟದ ಹೊತ್ತಿಗೆ ಎಲ್ಲರ ಫೋನನ್ನೂ, ಮೊದಲು ಅಪ್ಪನದನ್ನು, ಕಪಾಟಿನ ಮೇಲಿಡಿ ಎಂಬುದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾಗಲಿಲ್ಲ. ಕೊನೆಯಲ್ಲಿ ಕುಷ್ಟಗಿ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಅವಳ ತಂದೆ ತಾಯಿ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಅವಳು ಇಲ್ಲಿ ಹಾಸ್ಟೆಲ್ಲಿನಲ್ಲಿ, ಊರಲ್ಲಿ ಅಜ್ಜಿ ಒಬ್ಬರೇ. ಅಜ್ಜಿಗೆ ಕಣ್ಣು ಮಂಜಾಗಿದೆ, ಚಿತ್ರ ಸರಿಯಾಗಿ ಕಾಣುವುದಿಲ್ಲ. ಆದರೂ ಹೊತ್ತು ಮುಳುಗಿದ ಕೂಡಲೇ ಟಿ.ವಿ. ಹಚ್ಚಿ ಮಲಗುವ ತನಕ ಬಿಟ್ಟಿರುತ್ತಾರೆ. ಹಾದಿಯಲ್ಲಿ ಹೋಗುವವರು ಮನೆ ತುಂಬ ಜನ ಇದ್ದಾರೆಂದು ತಿಳಿಯಲಿ ಎಂದು. ಒಂಬತ್ತಕ್ಕೆ ಇವಳು ಫೋನು ಮಾಡಿದಾಗ ಸದ್ದು ಸಣ್ಣ ಮಾಡುತ್ತಾರಂತೆ, ಬಂದ್ ಮಾಡುವುದಿಲ್ಲವಂತೆ. ‘ಅದು ಚಟಾ ಅಂತೀರೇನ್ರಿ ಸರ್?’ ಎಂದು ಕೇಳಿದಳು. ನಾನು ಇಲ್ಲವೆಂದೆ. ಕರೆಂಟಿನ ಬಿಲ್ಲು ಎಷ್ಟು ಬರುತ್ತದೆಂದು ಸಭೆಯಲ್ಲಿ ಯಾರೋ ಕೇಳಿದರು, ಎಲ್ಲರೂ ನಕ್ಕರು, ಅವಳೂ ನಕ್ಕಳು.